ಐದನೇ ತರಗತಿಯ ಬಾಕಿ ಪಾಠಗಳು

ಮಾವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಭಾನುವಾರ, ಊಟದ ಹೊತ್ತಿಗೆ ಜಗಳ ಶುರುವಾಯಿತು. ಜಗಳ ಅಂದರೆ ತಟ್ಟೆ ಎಸೆದಾಡುವ ಜಗಳವಲ್ಲ. ಆ ಮನೆಯಲ್ಲಿ ಇದ್ದದ್ದೇ ಆರು ತಟ್ಟೆ, ಎಸೆಯುವಷ್ಟು ಶ್ರೀಮಂತಿಕೆ ಯಾರಿಗೂ ಇರಲಿಲ್ಲ. ಇದು ದನಿ ತಗ್ಗಿಸಿ, ಅನ್ನ ಕಲಸುತ್ತ, ಒಬ್ಬರ ಮುಖ ಒಬ್ಬರು ನೋಡದೆ ಆಡುವ ಜಗಳ. ಒಳಕೋಣೆಯಲ್ಲಿ ಮಲಗಿದವರಿಗೆ ಕೇಳಿಸಬಾರದು ಅಂತ ಎಲ್ಲರ ಆಸೆ. ಎರಡೇ ಕೋಣೆಯ ಮನೆಯಲ್ಲಿ ಕೇಳಿಸದೆ ಎಲ್ಲಿಗೆ ಹೋದೀತು ಮಾತು?

"ಒಬ್ಬರನ್ನೇ ಬಿಡಬೇಡಿ ಅಂತ ಡಾಕ್ಟರು ಹೇಳಿಲ್ವಾ? ಯಾರಿರ್ತೀರಿ ಈಗ ಹೇಳಿ," ಅಂದಳು ಗಂಡನ ಅಕ್ಕ. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟವಳು, ಮಾತೂ ಕತ್ತರಿಯ ಹಾಗೇ.

"ನೀನೇ ಒಂದು ತಿಂಗಳು ಕರ್ಕೊಂಡು ಹೋಗಬಹುದಿತ್ತಲ್ಲಕ್ಕ," ಅಂದ ಗಂಡ.

"ನನ್ನ ಮನೆ ಮೂರನೇ ಮಹಡೀಲಿದೆ ಕಣೋ. ಅಪ್ಪನ್ನ ಬೆನ್ನ ಮೇಲೆ ಹೊತ್ಕೊಂಡು ಹತ್ತಲಾ?"

ಗಂಡ ಗೋಡೆಗೆ ಬಣ್ಣ ಬಳಿಯುವವನು. ಐದು ಮಹಡಿಯ ಕಟ್ಟಡವೊಂದರ ಕೆಲಸ ಹಿಡಿದಿದ್ದ. ಒಂದು ದಿನ ತಪ್ಪಿಸಿದರೆ ಮೇಸ್ತ್ರಿ ಇನ್ನೊಬ್ಬನ ಕೈಗೆ ಕುಂಚ ಕೊಡುತ್ತಾನೆ. ಸೊಸೆಯಾದ ಅವಳದು ಮೊಳೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ. ವರ್ಷದ ಕೊನೆ, ಸರಕು ಸಾಗಿಸುವ ಗಡಿಬಿಡಿ. ಈ ತಿಂಗಳು ರಜೆ ಕೇಳಿದವರು ಮುಂದಿನ ತಿಂಗಳು ಬರೋದೇ ಬೇಡ ಅಂತ ಸೂಪರ್‌ವೈಸರ್ ಬಾಯಿಬಿಟ್ಟೇ ಹೇಳಿದ್ದ. ಹೀಗೆ ಒಬ್ಬೊಬ್ಬರದೂ ಒಂದೊಂದು ನಿಜ. ಯಾರದೂ ನೆಪವಲ್ಲ, ಅದೇ ಕಷ್ಟ.

ಆಗ ಅವಳೇ ಅಂದಳು. "ಮಗು ಇರ್ತಾಳೆ ಬಿಡಿ. ಮೂರು ವಾರ ತಾನೆ? ಐದನೇ ಕ್ಲಾಸಲ್ಲಿ ವರ್ಷದ ಕೊನೇಲಿ ಏನು ಮಹಾ ಕಲಿಸ್ತಾರೆ? ಓದಿಸಿದ್ದನ್ನೇ ಮತ್ತೆ ಓದಿಸ್ತಾರೆ."

ಈ ಮಾತು ಆಡಿದ್ದು ಅವಳೇ. ಆಮೇಲೆ ನೂರು ಸಲ ಆ ಊಟದ ಹೊತ್ತಿಗೆ ಹಿಂದಿರುಗಿ ನೋಡಿದಳು. ಒಂದು ಸಲವಾದರೂ ಆ ಮಾತು ಗಂಡನ ಬಾಯಿಂದಲೋ ಅವನ ಅಕ್ಕನ ಬಾಯಿಂದಲೋ ಬಂದಿರಬಾರದೇ ಅನ್ನಿಸುತ್ತಿತ್ತು.

ಒಳಕೋಣೆಯಿಂದ ಕೆಮ್ಮು ಬಂತು, ಹಿಂದೆಯೇ ಮಾತು. "ಅದೆಲ್ಲ ಆಗಲ್ಲ. ಹುಡುಗಿ ಶಾಲೆ ಬಿಡಿಸಬೇಡಿ. ನಾನೇನು ಓಡಿಹೋಗ್ತೀನಾ? ಎದ್ದು ನಿಂತ್ರೆ ಲುಂಗಿ ಹಿಡ್ಕೊಳ್ಳೋಕೂ ಶಕ್ತಿ ಇಲ್ಲ."

ಮಾವ ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಹತ್ತು ವರ್ಷ ಕಳೆದರೂ, ಅಡುಗೆಮನೆ ಬಾಗಿಲಲ್ಲಿ ಯಾರಾದರೂ ಅಡ್ಡ ನಿಂತರೆ "ಒಳಗೆ ನಡೀರಿ, ಮುಂದೆ ಜಾಗ ಇದೆ" ಅನ್ನುವವರು. ಮೊಮ್ಮಗಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವಳು ಅವರಿಗೆ ಹುಟ್ಟಿದಂದಿನಿಂದ ಹಾಫ್ ಟಿಕೆಟ್.

ಹಾಫ್ ಟಿಕೆಟ್ ತಟ್ಟೆಯಿಂದ ತಲೆಯೆತ್ತಿ ಹೇಳಿದಳು. "ನಾನಿರ್ತೀನಿ ತಾತ. ಮೇಡಂಗೆ ಹೇಳಿದ್ರಾಯ್ತು."

ಮುಗಿಯಿತಲ್ಲ. ಎಲ್ಲರೂ ನೆಮ್ಮದಿಯಿಂದ ಮಜ್ಜಿಗೆ ಅನ್ನಕ್ಕೆ ಕೈ ಹಾಕಿದರು.

ಮೊದಲ ಹತ್ತು ದಿನ ಮನೆ ಅಚ್ಚುಕಟ್ಟಾಗಿ ನಡೆಯಿತು. ಮೊಳೆ ಡಬ್ಬದ ರಟ್ಟು ಹರಿದು ಹುಡುಗಿ ದಿನಚರಿ ಬರೆದು ಹಾಸಿಗೆಯ ಪಕ್ಕ ಅಂಟಿಸಿದ್ದಳು. ಎಂಟಕ್ಕೆ ಗಂಜಿ, ಗಂಜಿ ಆದಮೇಲೆ ಎದೆ ಮಾತ್ರೆ, ಹನ್ನೊಂದಕ್ಕೆ ಎಬ್ಬಿಸಿ ಕೂರಿಸುವುದು, ಒಂದಕ್ಕೆ ಬೇಳೆ ಅನ್ನ. ಆಸ್ಪತ್ರೆಯವರು ಪೊಟ್ಟಣದಲ್ಲಿ ಕಟ್ಟಿಕೊಟ್ಟ ಬಿಡಿ ಮಾತ್ರೆಗಳು, ದಿನಕ್ಕೊಂದು. ಅದರಲ್ಲಿ ತಪ್ಪುವುದಕ್ಕೆ ಏನೂ ಇರಲಿಲ್ಲ. ಸಂಜೆ ತಾಯಿ ಕಬ್ಬಿಣದ ವಾಸನೆಯ ಕೈ ತೊಳೆಯುತ್ತ ನಿಂತರೆ, ಮಗಳು ಬಚ್ಚಲ ಬಾಗಿಲಲ್ಲೇ ವರದಿ ಒಪ್ಪಿಸುತ್ತಿದ್ದಳು.

"ಗಂಜಿ ಒಂದು ಲೋಟ. ಅನ್ನ ಅರ್ಧ ತಟ್ಟೆ. ಬೈಗುಳ ಎರಡು."

"ಬೈದಿದ್ದು ಯಾರಿಗೆ?"

"ಒಂದು ನನಗೆ, ಒಂದು ಪಕ್ಕದ ಮನೆ ರೇಡಿಯೋಗೆ."

"ನಾನು ಬೈದಿಲ್ಲ," ಅಂತ ಒಳಗಿಂದ ಮಾವ. "ಟಿಕೆಟ್ ಕೇಳ್ದೆ ಅಷ್ಟೆ."

ಅಷ್ಟಿಷ್ಟು ನಗುವೂ ಇತ್ತು ಆ ದಿನಗಳಲ್ಲಿ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಹತ್ತನೇ ದಿನ ಗಂಡ ಅರ್ಧ ದಿನ ಬಿಡುವು ಮಾಡಿಕೊಂಡು ತಂದೆಯನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಬಂದ. ಅವಳಿಗೆ ಆ ದಿನ ಎರಡನೇ ಪಾಳಿಯೂ ಸೇರಿತ್ತು. ಮನೆಗೆ ಬಂದಾಗ ಎಲ್ಲರ ಊಟವಾಗಿತ್ತು. ಅವಳು ತಟ್ಟೆ ಹಾಕಿಕೊಂಡು ಕೂತಾಗ ಗಂಡ ಗೋಡೆಗೊರಗಿ ಉಗುರಿಗಂಟಿದ್ದ ಬಣ್ಣ ಕೆರೆಯುತ್ತಿದ್ದ.

"ಮಾತ್ರೆ ಬದಲಾಯಿಸಿದಾರೆ. ಮೂರು ದಿನ ದೊಡ್ಡದು ಕೊಡಬೇಕಂತೆ, ನಾಲ್ಕನೇ ದಿನದಿಂದ ಚಿಕ್ಕದು. ಅಂಗಡಿಯವನು ಕತ್ತರಿಸಿ ಕೊಡಲ್ಲ ಅಂದ, ಎರಡೂ ಪೂರ್ತಿ ಶೀಟೇ ತಂದಿದೀನಿ."

"ಮಗೂಗೆ ಹೇಳಿದೀರಾ?"

"ಹೇಳಿದೀನಿ."

ಅವಳು ಮಗಳ ಕಡೆ ತಿರುಗಿದಳು. "ಗೊತ್ತಾಯ್ತೇನೇ?"

"ಗೊತ್ತಾಯ್ತಮ್ಮ. ಮೊದಲು ದೊಡ್ಡದು ಮೂರು. ಆಮೇಲೆ ಚಿಕ್ಕದೇ, ದೊಡ್ಡದನ್ನ ಮುಟ್ಟಬಾರದು."

ಎದ್ದು ಹೋಗಿ ಆ ಶೀಟುಗಳನ್ನು ಒಂದು ಸಲ ನೋಡಿದ್ದರೆ ಆಗುತ್ತಿತ್ತು. ಕಪಾಟು ಐದು ಹೆಜ್ಜೆ ದೂರ. ಅವಳು ಹದಿನಾಲ್ಕು ಗಂಟೆ ನಿಂತು ಬಂದಿದ್ದಳು, ಪಾದ ಉರಿಯುತ್ತಿತ್ತು, ಬೇಳೆ ಆರಿತ್ತು. ಮಗಳ ತಲೆ ಸವರಿ ಊಟ ಮುಂದುವರಿಸಿದಳು.

ಐದು ದಿನ ಕಳೆಯಿತು. ಆಮೇಲೆ ಮಾವನಿಗೆ ಊಟ ಸೇರದೆ ಹೋಯಿತು. ಗಂಜಿ ಕಂಡರೆ ಮುಖ ತಿರುಗಿಸುವರು. ಒಂದು ಬೆಳಿಗ್ಗೆ ಕುಡಿದದ್ದೆಲ್ಲ ವಾಂತಿಯಾಯಿತು. ಹುಡುಗಿ ನೆಲ ಒರೆಸಿ, ಬಟ್ಟೆ ಬದಲಾಯಿಸಿ, ಹಾಸಿಗೆ ಬಿಸಿಲಿಗೆ ಹಾಕಿದ್ದಳು. ಸಂಜೆ ವರದಿಯಲ್ಲಿ ಬೈಗುಳ ಇರಲಿಲ್ಲ.

"ತಾತಂಗೆ ಎಲ್ಲ ಹಳದಿ ಹಳದಿ ಕಾಣುತ್ತಂತಮ್ಮ. ಗೋಡೆಗೆ ಯಾವಾಗ ಹಳದಿ ಬಳಿದ್ರಿ ಅಂತ ಕೇಳ್ತಾರೆ."

"ವಯಸ್ಸಾಯ್ತಲ್ಲ ಮಗಳೇ, ಕಣ್ಣಿನ ಪೊರೆ. ಮಾತ್ರೆ ಕೊಟ್ಯಾ?"

"ಒಂದು ದಿನಾನೂ ತಪ್ಪಿಸಿಲ್ಲ."

"ಜಾಣೆ," ಅಂದಳು ತಾಯಿ. ಗಂಡನಿಗೂ ಹೇಳಿದಳು. "ಭಾನುವಾರ ಡಾಕ್ಟರಿಗೆ ತೋರಿಸಿಬಿಡೋಣ, ಊಟ ಮಾಡ್ತಿಲ್ಲ ಅವರು." ಭಾನುವಾರಕ್ಕೆ ಮೂರು ದಿನ ಇತ್ತು. ಅವನೂ ಹೂಂ ಅಂದ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಎಬ್ಬಿಸಿ ಕೂರಿಸುವ ಹೊತ್ತಿಗೆ, ಮಾವ ಏಳಲಿಲ್ಲ. ಹುಡುಗಿ ಪಕ್ಕದ ಮನೆಯವರನ್ನು ಕರೆದಳು, ಅವರು ಕಾರ್ಖಾನೆಗೆ ಫೋನು ಮಾಡಿದರು. ಅವಳು ಏಪ್ರನ್ನಿನಲ್ಲೇ ಓಡಿಬಂದಾಗ ಮಗಳು ತಾತನ ಕಾಲ ಬಳಿ ಕೂತು ಪಾದ ತಿಕ್ಕುತ್ತಿದ್ದಳು. "ತಣ್ಣಗಾಗಿದೆ ಅಮ್ಮ, ತಿಕ್ಕಿದ್ರೆ ಬಿಸಿ ಆಗುತ್ತೆ," ಅಂದಳು. ಆ ಪುಟ್ಟ ಕೈಗಳನ್ನು ಬಿಡಿಸುವುದಕ್ಕೆ ಇಬ್ಬರು ಬೇಕಾಯಿತು.

ಆಗಬೇಕಾದದ್ದೆಲ್ಲ ಆಯಿತು. ಬಂದವರು ಬಂದರು, ಹೋದವರು ಹೋದರು. ಗಂಡನ ಅಕ್ಕ ಎರಡು ದಿನ ಅಲ್ಲೇ ಉಳಿದಳು, ಅಳುವುದರ ನಡುವೆ ಪಾತ್ರೆ ತೊಳೆದಳು, ಪಾತ್ರೆ ತೊಳೆಯುವುದರ ನಡುವೆ ಮಾತಾಡಿದಳು.

"ಹತ್ತು ವರ್ಷದ ಮಗು ಕೈಗೆ ಬಿಟ್ರಿ. ಔಷಧಿ ಸರಿಯಾಗಿ ಕೊಟ್ಟಳೋ ಇಲ್ವೋ, ಯಾರಿಗೆ ಗೊತ್ತು?"

"ಅಕ್ಕ, ಸುಮ್ನಿರು," ಅಂದ ಗಂಡ. ಅವನು ಅಷ್ಟು ಜೋರಾಗಿ ಮಾತಾಡಿದ್ದು ಆ ಎರಡು ದಿನದಲ್ಲಿ ಅದೊಂದೇ ಸಲ. "ನಾನೇ ಕೂರಿಸಿಕೊಂಡು ಹೇಳಿಕೊಟ್ಟಿದ್ದೆ. ಮಗು ಒಂದು ದಿನ ತಪ್ಪಿಸಿಲ್ಲ. ಮಗೂನ ಏನಾದ್ರೂ ಅಂದ್ರೆ ನೋಡು."

ಹುಡುಗಿ ಬಾಗಿಲ ಹಿಂದೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

ಅಕ್ಕ ಹೊರಟುಹೋದ ಮಧ್ಯಾಹ್ನ ಅವಳು ಮಾವನ ಕಪಾಟು ಎತ್ತಿಡಲು ಕೂತಳು. ಕನ್ನಡಕ, ಹಳೆ ಕಂಡಕ್ಟರ್ ಬಿಲ್ಲೆ, ನೋವಿನ ಮುಲಾಮು, ಎರಡು ಮಾತ್ರೆ ಶೀಟು. ಒಂದೇ ಕಂಪನಿಯವು, ಒಂದೇ ಬೆಳ್ಳಿ ಕಾಗದ, ಒಂದೇ ಗಾತ್ರದ ಬಿಳಿ ಮಾತ್ರೆ. ಅಂಕಿ ಮಾತ್ರ ಬೇರೆ. ಒಂದರ ಮೇಲೆ 0.5 ಅಂತಿತ್ತು, ಇನ್ನೊಂದರ ಮೇಲೆ 0.25. ಇನ್ನೇನು ಚೀಲಕ್ಕೆ ಹಾಕಬೇಕು ಅನ್ನುವಾಗ ಕೈ ನಿಂತಿತು.

ಅವಳು ಎಂಟನೇ ತರಗತಿ ದಾಟಿದವಳಲ್ಲ. ಆದರೆ ಒಂಬತ್ತು ವರ್ಷದಿಂದ ಹಗಲಿಡೀ ಅವಳ ಕಣ್ಣ ಮುಂದೆ ಇರುವುದು ತೂಕದ ಯಂತ್ರದ ಕೆಂಪು ಅಂಕಿ. ಕಾಲು ಕಿಲೋ ಮೊಳೆ ಸುರಿದರೆ 0.250 ಬರುತ್ತದೆ, ಅರ್ಧ ಕಿಲೋ ಸುರಿದರೆ 0.500. ಯಾವ ಪೊಟ್ಟಣ ಭಾರ ಅಂತ ಅವಳ ಕೈಗೆ ಯಾರೂ ಹೇಳಿಕೊಡಬೇಕಿಲ್ಲ.

0.25ರ ಶೀಟಿನಲ್ಲಿ ಮೂರು ಗುಳಿ ಖಾಲಿ. 0.5ರ ಶೀಟಿನಲ್ಲಿ ಎಂಟು.

ಮತ್ತೊಮ್ಮೆ ಎಣಿಸಿದಳು. ಬೆರಳಿಟ್ಟು ಎಣಿಸಿದಳು.

ಮಗಳು ಕಿಟಕಿ ಬಳಿ ಕೂತು ತಾತನ ಶರಟುಗಳನ್ನು ಮಡಚುತ್ತಿದ್ದಳು. ತಾಯಿ ದನಿಯನ್ನು ಆದಷ್ಟು ಹಗುರ ಮಾಡಿಕೊಂಡು ಕೇಳಿದಳು. "ಮಗಳೇ, ಇದರಲ್ಲಿ ಚಿಕ್ಕ ಮಾತ್ರೆ ಯಾವುದೇ?"

"ಐದರದ್ದು," ಅಂದಳು ಹುಡುಗಿ, ತಲೆ ಎತ್ತದೆ. "ಇಪ್ಪತ್ತೈದರದ್ದು ದೊಡ್ಡದು. ಅದನ್ನ ಮೂರೇ ದಿನ ಕೊಟ್ಟೆ. ಆಮೇಲೆ ಮುಟ್ಟಿಲ್ಲ. ಯಾಕಮ್ಮ?"

"ಸುಮ್ನೆ. ಎತ್ತಿಡ್ತಿದ್ದೆ."

ಆ ಎರಡು ಶೀಟನ್ನು ಏಪ್ರನ್ನಿನ ಜೇಬಿಗೆ ತುರುಕಿ, ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಡಾಕ್ಟರ ಹತ್ತಿರ ಹೋದಳು. ಸರದಿಯಲ್ಲಿ ಒಂದು ಗಂಟೆ ಕೂತಳು. ಡಾಕ್ಟರು ಶೀಟು ನೋಡಿ, ಮುಖ ನೋಡಿ, ಬಾಗಿಲು ಮುಂದೆ ಮಾಡಿದರು.

"ಊಟ ಸೇರ್ತಿರಲಿಲ್ವಾ?"

"ಇಲ್ಲ."

"ವಾಂತಿ? ಕಣ್ಣಿಗೆ ಹಳದಿ ಕಾಣೋದು?"

ಅವಳು ಹೌದೆಂದು ತಲೆಯಾಡಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಮ್ಮ, ಅವರ ಹೃದಯ ಮೊದಲೇ ತುಂಬಾ ಸೋತಿತ್ತು. ಇದರಿಂದಲೇ ಹೋದರು ಅಂತ ನಾನು ಹೇಳಲಾರೆ. ಇದರಿಂದಲ್ಲ ಅಂತ ಹೇಳೋಕೂ ಆಗಲ್ಲ. ಕೊಟ್ಟಿದ್ದು ಯಾರು?"

"ನಾನೇ," ಅಂದಳು ಅವಳು.

ಹೊರಗೆ ಬಂದಮೇಲೆ ಅವಳಿಗೆ ಒಂದೇ ಯೋಚನೆ. ಹೋದವರು ಹೋದರು, ಅದು ಯಾರ ಕೈಯಲ್ಲೂ ಇಲ್ಲ. ಇದು ಮಗಳಿಗೆ ತಿಳಿಯಬಾರದು. ಹತ್ತು ವರ್ಷದ ಜೀವ, ತಾತನ ಕಾಲು ತಿಕ್ಕಿ ಬಿಸಿ ಮಾಡಲು ಹೊರಟ ಜೀವ, ಇದನ್ನು ಹೊತ್ತುಕೊಂಡು ಇನ್ನು ಅರವತ್ತು ವರ್ಷ ಹೇಗೆ ಬದುಕುತ್ತದೆ?

ಇಲ್ಲೇ ನೋಡಿ ಪೀಕಲಾಟ ಶುರುವಾದದ್ದು. ಮನೆಯಲ್ಲಿ ಬಾಯಿಗೆ ಬೀಗ ಹಾಕಬಹುದು, ಶಾಲೆಗೆ ಯಾವ ಬೀಗ ಹಾಕುವುದು? ಮಗಳ ಗಣಿತ ಪುಸ್ತಕವನ್ನು ತೆರೆದು ನೋಡಿದಳು. ಪುಟದ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆಯುವುದು ಹುಡುಗಿಯ ರೂಢಿ. ಶಾಲೆ ಬಿಟ್ಟ ದಿನಕ್ಕೆ ತಾರೀಕು ನಿಂತಿತ್ತು. ಅದರ ಮರು ಪುಟದಲ್ಲೇ ದಪ್ಪ ಅಕ್ಷರದಲ್ಲಿ ದಶಮಾಂಶಗಳು ಅಂತಿತ್ತು. ಅವಳು ಮಗಳನ್ನು ಮನೆಯಲ್ಲಿ ಕೂರಿಸಿದ ಮೂರು ವಾರ, ಮೂವತ್ತೆಂಟು ಮಕ್ಕಳು ಕೂತು ಕಲಿತದ್ದು ಅದನ್ನೇ.

ಅಂದಿನಿಂದ ಮಗಳನ್ನು ಶಾಲೆಗೆ ಕಳಿಸಲು ಅವಳಿಗೆ ಧೈರ್ಯ ಬರಲಿಲ್ಲ. ಆ ವಾರ ಸೂತಕ ಅಂತ ಕಳೆಯಿತು. ಮುಂದಿನ ಸೋಮವಾರ ಮೈ ಬೆಚ್ಚಗಿದೆ ಅಂದಳು. ಮಂಗಳವಾರ ಸಮವಸ್ತ್ರ ಒಣಗಿಲ್ಲ. ಬುಧವಾರ ಮನೆ ತುಂಬ ಕೆಲಸ. ವಿಚಿತ್ರ ಅಂದರೆ ಹುಡುಗಿ ಯಾಕೆ ಅಂತ ಕೇಳಲೂ ಇಲ್ಲ. ಹಿಂದೆಲ್ಲ ಜ್ವರದಲ್ಲೂ ಶಾಲೆಗೆ ಹೊರಡುತ್ತಿದ್ದವಳು, ಈಗ ಹೇಳಿದ್ದಕ್ಕೆಲ್ಲ ಹೂಂ ಅನ್ನುವಳು. ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುವಳು.

ಗಂಡ ಗುರುವಾರ ಬೆಳಿಗ್ಗೆ ಬ್ರೆಡ್ಡು ಚಹಾದಲ್ಲಿ ಅದ್ದುತ್ತ ತಡೆಯಲಾರದೆ ಕೇಳಿಯೇಬಿಟ್ಟ. "ಏನು ನಿನ್ನ ವಿಚಾರ? ಮಗೂನ ಶಾಲೆಗೆ ಯಾಕೆ ಕಳಿಸ್ತಿಲ್ಲ?"

"ಕಳಿಸ್ತೀನಿ ರೀ. ಸ್ವಲ್ಪ ಸುಧಾರಿಸ್ಕೊಳ್ಳಲಿ."

"ಅಪ್ಪ ಅವತ್ತೇ ಬಡ್ಕೊಂಡ್ರು, ಓದು ಹಾಳು ಮಾಡಬೇಡಿ ಅಂತ. ಈಗ ನೋಡಿಕೊಳ್ಳೋಕೆ ಅವರೂ ಇಲ್ಲ. ಇನ್ನೂ ಮನೇಲಿ ಇರಿಸ್ಕೊಂಡು ಏನು ಮಾಡಿಸ್ತೀಯಾ? ಮೊಳೆ ಪ್ಯಾಕ್ ಮಾಡೋಕೆ ಕರ್ಕೊಂಡು ಹೋಗ್ತೀಯಾ?"

"ಹಾಗೆಲ್ಲ ಮಾತಾಡಬೇಡಿ."

"ಮತ್ತೆ ಹೇಗೆ ಮಾತಾಡಲಿ? ನಾನು ಮೂರನೇ ಕ್ಲಾಸಿಗೆ ಬಿಟ್ಟೆ, ಇವತ್ತಿಗೂ ಡಬ್ಬದ ಮೇಲೆ ಏನು ಬರೆದಿದೆ ಅಂತ ಇನ್ನೊಬ್ಬರನ್ನ ಕೇಳ್ತೀನಿ. ನನ್ನ ಮಗಳು ಕೇಳಬಾರದು."

ಅವನು ಚಹಾ ಅರ್ಧಕ್ಕೆ ಬಿಟ್ಟು ಹೋದ. ಮಗಳು ಆ ಲೋಟ ತೆಗೆದುಕೊಂಡು ಹೋಗಿ ತೊಳೆದಿಟ್ಟಳು.

ಶುಕ್ರವಾರ ಸಂಜೆ ಮೇಡಂ ತಾವೇ ಮನೆಗೆ ಬಂದರು. ಸ್ಕೂಟರು ಬಾಗಿಲಲ್ಲಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಹುಡುಗಿಯ ಬೆನ್ನು ಸವರಿ, ತಾತನ ಬಗ್ಗೆ ನಾಲ್ಕು ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು.

"ಪರೀಕ್ಷೆಗೆ ಇನ್ನು ಎಂಟು ದಿನ ಇದೆ. ಇವಳದು ಮೂರೇ ಪಾಠ ಬಾಕಿ. ದಶಮಾಂಶ, ಪೆಟ್ಟಿಗೆಗಳ ಘನ ಅಳತೆ, ಪತ್ರ ಬರೆಯೋದು. ಶಾಲೆ ಬಿಟ್ಟಮೇಲೆ ಅರ್ಧರ್ಧ ಗಂಟೆ ಕೂರಿಸಿಕೊಂಡರೆ ಒಂದು ವಾರದಲ್ಲಿ ಮುಗಿಸ್ತೀನಿ. ಚುರುಕು ಹುಡುಗಿ."

ತಾಯಿ ಮೇಡಂ ಅವರನ್ನು ಹಿತ್ತಲ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. "ಮೇಡಂ, ಒಂದು ಮಾತು. ಆ ಮೊದಲನೇ ಪಾಠ ಬಿಟ್ಟುಬಿಡಿ. ಉಳಿದೆರಡು ಕಲಿಸಿ."

"ದಶಮಾಂಶ ಬಿಡೋದಾ? ಯಾಕೆ?"

"ಬಿಡಿ ಮೇಡಂ. ಅದೊಂದು ಬೇಡ. ಮಾರ್ಕ್ಸ್ ಹೋದ್ರೆ ಹೋಗಲಿ."

"ಮಾರ್ಕ್ಸಿನ ಮಾತಲ್ಲಮ್ಮ. ಮುಂದಿನ ವರ್ಷ ಎಲ್ಲ ಅದರ ಮೇಲೇ ನಿಂತಿರೋದು. ಏನಾಯ್ತು ಹೇಳಿ."

ಅವಳು ಹೇಳಿದಳು. ಯಾರಿಗೂ ಹೇಳದೆ ಹತ್ತು ದಿನದಿಂದ ಬಚ್ಚಿಟ್ಟದ್ದು, ಸರಿಯಾಗಿ ಪರಿಚಯವೂ ಇಲ್ಲದ ಈ ಮೇಡಂ ಮುಂದೆ, ನಲ್ಲಿ ತೊಟ್ಟಿಕ್ಕುತ್ತಿದ್ದ ಬಕೆಟ್ಟಿನ ಪಕ್ಕ, ಹೊರಗೆ ಬಿತ್ತು. ಮೇಡಂ ಗೋಡೆಗೆ ಕೈ ಕೊಟ್ಟು ನಿಂತರು.

"ಪ್ರತಿ ವರ್ಷ ಮಕ್ಕಳು ಮಾಡೋ ಮೊದಲ ತಪ್ಪು ಅದೇ," ಅಂದರು. "ಇಪ್ಪತ್ತೈದು ದೊಡ್ಡದು, ಐದು ಚಿಕ್ಕದು ಅಂತ. ಎಲ್ಲರೂ ಬರೀತಾರೆ. ನಾನು ಕೆಂಪು ಗೀಟು ಹಾಕ್ತೀನಿ, ನಗ್ತಾರೆ, ತಿದ್ಕೋತಾರೆ."

"ಇವಳು ಹೇಗೆ ತಿದ್ಕೋತಾಳೆ ಮೇಡಂ?"

ಮೇಡಂ ಕಣ್ಣೊರೆಸಿಕೊಂಡು ಅಂದರು. "ಬಚ್ಚಿಡೋಕಾಗಲ್ಲಮ್ಮ ಇದನ್ನ. ನಾನು ಬಿಟ್ಟರೆ ಇನ್ನೊಬ್ಬರು ಕಲಿಸ್ತಾರೆ. ನಲವತ್ತು ಮಕ್ಕಳ ಮಧ್ಯೆ ಕೂತು ಬೋರ್ಡು ನೋಡ್ತಾ ಗೊತ್ತಾಗೋದಕ್ಕಿಂತ ನಿಮ್ಮ ಮಡಿಲಲ್ಲಿ ಗೊತ್ತಾಗಲಿ. ನೀವೇ ಹೇಳಿ. ಸೋಮವಾರ ಕಳಿಸಿ."

ಶನಿವಾರ ಅವಳು ಕೆಲಸದಲ್ಲಿ ಎರಡು ಪೊಟ್ಟಣ ತಪ್ಪಾಗಿ ತುಂಬಿ ಬೈಸಿಕೊಂಡಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ತಪ್ಪು ನಿನ್ನದಲ್ಲ, ಶಾಲೆ ಬಿಡಿಸಿದ್ದು ನಾನು, ನೋಡದೇ ಇದ್ದವಳು ನಾನು. ಎಷ್ಟು ಜೋಡಿಸಿದರೂ ಮೊದಲ ಮಾತು ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡ ಹಿತ್ತಲಲ್ಲಿ ಕುಂಚಗಳನ್ನು ನೆನೆಹಾಕಿ ತೊಳೆಯುತ್ತಿದ್ದ. ಅವಳು ಗಣಿತ ಪುಸ್ತಕ ತೆಗೆದುಕೊಂಡು ಮಗಳನ್ನು ಚಾಪೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು.

"ನಾಳೆ ಶಾಲೆಗೆ ಹೋಗ್ತೀಯಲ್ಲ. ಒಂದು ಪಾಠ ನಾನೇ ಹೇಳಿಕೊಡ್ತೀನಿ ಬಾ. ನಮ್ಮ ಕಾರ್ಖಾನೇಲಿ ದಿನಾ ಮಾಡೋದು ಅದನ್ನೇ."

ಹುಡುಗಿ ಪುಸ್ತಕ ನೋಡಲಿಲ್ಲ. ಚಾಪೆಯ ಅಂಚಿನ ಕಡ್ಡಿ ಮುರಿಯುತ್ತ ಕೂತಳು.

"ಈಗ ನೋಡು ಮಗಳೇ, ಒಂದು ಕಿಲೋ ಮೊಳೆ ಇದೆ ಅಂದ್ಕೋ..."

"ನಂಗೊತ್ತಮ್ಮ," ಅಂದಳು ಹುಡುಗಿ.

"ಏನು ಗೊತ್ತು?"

"ಪಾಯಿಂಟ್ ಐದು ಅಂದ್ರೆ ಅರ್ಧ. ಪಾಯಿಂಟ್ ಎರಡು ಐದು ಅಂದ್ರೆ ಕಾಲು." ದನಿ ಪಾಠ ಒಪ್ಪಿಸುವ ಹಾಗೆಯೇ ಇತ್ತು. "ನೀನು ಅವತ್ತು ಕೇಳಿದ್ಯಲ್ಲ, ಚಿಕ್ಕದು ಯಾವುದು ಅಂತ. ಕೇಳಿ ಸುಮ್ಮನಾಗಿಬಿಟ್ಟೆ. ನಿನ್ನ ಮುಖ ಒಂಥರಾ ಆಯ್ತು. ಅದಕ್ಕೇ ಮಾರನೇ ದಿನ ನೀನು ಕೆಲಸಕ್ಕೆ ಹೋದಮೇಲೆ ಪುಸ್ತಕ ತೆಗೆದು ಓದಿದೆ. ಮೊದಲನೇ ಪುಟದಲ್ಲೇ ಇದೆ."

ಹನ್ನೆರಡು ದಿನ. ಇವಳು ಮಗಳಿಂದ ಬಚ್ಚಿಡುತ್ತಿದ್ದ ಹನ್ನೆರಡು ದಿನವೂ ಆ ಮಗು ಗೊತ್ತಿದ್ದುಕೊಂಡು ಪಾತ್ರೆ ತೊಳೆದಿತ್ತು, ಅರ್ಧ ಊಟ ಬಿಟ್ಟು ಎದ್ದಿತ್ತು, ಹೂಂ ಅಂದಿತ್ತು. ಎಳೆದು ಮಡಿಲಿಗೆ ಹಾಕಿಕೊಂಡಳು. ಹುಡುಗಿ ಅಳಲಿಲ್ಲ, ಕಟ್ಟಿಗೆಯ ಹಾಗೆ ಬಿಗಿಯಾಗಿದ್ದಳು.

"ನನಗೆ ಯಾಕೆ ಹೇಳಲಿಲ್ಲ ಕಂದ? ಒಬ್ಬಳೇ ಯಾಕೆ ಇಟ್ಕೊಂಡೆ? ನಿಂದಲ್ಲ ತಪ್ಪು, ನಂದು. ನಾನು ನಿನ್ನ ಶಾಲೆ ಬಿಡಿಸಿದೆ. ನಾನು ನೋಡಲಿಲ್ಲ. ನಾನೇ ಅಪ್ಪಂಗೆ ಎಲ್ಲ ಹೇಳ್ತೀನಿ, ನಿನ್ನ ಯಾರೂ ಏನೂ ಅನ್ನಲ್ಲ."

ಆಗ ಹುಡುಗಿ ಮಡಿಲಿಂದ ಥಟ್ಟನೆ ಎದ್ದು ಕೂತಳು. ಹಿತ್ತಲ ಬಾಗಿಲ ಕಡೆ ನೋಡಿ ತಾಯಿಯ ಬಾಯಿಯ ಮೇಲೆ ಕೈ ಇಟ್ಟಳು.

"ಅಪ್ಪಂಗೆ ಹೇಳಬೇಡ."

"ಅಪ್ಪ ಬೈಯಲ್ಲ ಕಂದ."

"ಬೈತಾರೆ ಅಂತಲ್ಲ." ಹುಡುಗಿಯ ದನಿ ಪಿಸುಮಾತಿಗಿಳಿಯಿತು. "ಅವತ್ತು ಅಪ್ಪ ಎರಡು ಶೀಟು ಕೊಟ್ಟಾಗ ನಾನು ಐದರದ್ದು ತೋರಿಸಿ ಕೇಳ್ದೆ, ಅಪ್ಪ ಇದೇ ತಾನೆ ಚಿಕ್ಕದು ಅಂತ. ಅಪ್ಪ ಇಸ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ ಹೌದು ಅಂದ್ರು."

ತಾಯಿಯ ಬಾಯಿಯ ಮೇಲಿದ್ದ ಕೈ ಹಾಗೇ ಇತ್ತು.

"ಅಪ್ಪಂಗೆ ಗೊತ್ತಿಲ್ಲಮ್ಮ. ಅಪ್ಪ ಐದನೇ ಕ್ಲಾಸು ಓದಿಲ್ಲವಲ್ಲ. ಅವರಪ್ಪ ಅಲ್ವಾ ತಾತ. ಗೊತ್ತಾದ್ರೆ ಅವರೇನು ಮಾಡ್ತಾರೆ?"

ಹಿತ್ತಲ ಬಾಗಿಲು ಕಿರುಗುಟ್ಟಿತು. ಗಂಡ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಒಳಗೆ ಬಂದ. ತಾಯಿ ಮಗಳು ಪುಸ್ತಕ ಮುಂದಿಟ್ಟುಕೊಂಡು ಕೂತದ್ದು ಕಂಡು ಅವನ ಮುಖ ಎಷ್ಟೋ ದಿನದಮೇಲೆ ಸಡಿಲವಾಯಿತು.

"ಅಂತೂ ಪುಸ್ತಕ ತೆಗೆದ್ರಲ್ಲ. ನಾಳೆ ಹೋಗ್ತಾಳಾ ಶಾಲೆಗೆ?"

"ಹೋಗ್ತಾಳೆ," ಅಂದಳು ಅವಳು.

"ಯಾವ ಪಾಠ?" ಅವನು ಚಾಪೆಯ ಇನ್ನೊಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತ. "ತೋರಿಸು. ನನಗೂ ಕೂಡೋದು ಕಳೆಯೋದು ಬರುತ್ತಮ್ಮ. ಗೊತ್ತಾಗದೇ ಇದ್ರೆ ಅಪ್ಪನ್ನ ಕೇಳು. ಇನ್ಮೇಲೆ ದಿನಾ ನಾನೇ ಕೂರ್ತೀನಿ ನಿನ್ನ ಜೊತೆ."

ಹುಡುಗಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ದಶಮಾ‍ಂಶದ ಹಾಳೆ ಮಗುಚಿದಳು, ಅದರ ಹಿಂದಿನದನ್ನು ಮಗುಚಿದಳು, ಹಾಗೇ ಹಿಂದೆ ಹಿಂದೆ ಹೋಗಿ ವರ್ಷದ ಮೊದಲ ವಾರದ ಪುಟಕ್ಕೆ ಬಂದು ನಿಂತಳು. ಮೂರಂಕಿಯ ಕೂಡುವ ಲೆಕ್ಕ. ಅವಳು ಅದನ್ನು ಎರಡನೇ ತರಗತಿಯಿಂದ ಕಣ್ಣು ಮುಚ್ಚಿ ಮಾಡುತ್ತಿದ್ದಳು.

"ಇದು ಬರ್ತಿಲ್ಲ ಅಪ್ಪ," ಅಂದಳು.

ಅವನು ಪೆನ್ಸಿಲ್ ಇಸಿದುಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣ ಇತ್ತು. ತುಟಿ ಅಲ್ಲಾಡಿಸುತ್ತ, ಬೆರಳು ಮಡಚುತ್ತ, ಒಂದೊಂದೇ ಸಾಲು ಇಳಿದು, ದಶಕವನ್ನು ತಲೆಯ ಮೇಲೆ ಬರೆದು, ಕೂಡಿ ಮುಗಿಸಿದ. ಬೆವರು ಬಂದಿತ್ತು.

"ಸರಿನಾ?"

ಹುಡುಗಿ ಪ್ರತಿ ಅಂಕಿಯ ಮೇಲೂ ಬೆರಳಿಟ್ಟು ನೋಡಿದಳು. "ಸರಿ ಅಪ್ಪ."

"ನೋಡಿದ್ಯಾ," ಅಂದ ಅವನು ಹೆಂಡತಿಯ ಕಡೆ ತಿರುಗಿ. "ಏನೂ ಬರಲ್ಲ ಅಂದ್ಕೊಂಡಿದ್ಯಲ್ಲ."

ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಖಾಲಿ ಪಾತ್ರೆಯನ್ನು ಅದರ ಕೆಳಗೆ ಹಿಡಿದು, ನೀರಿನ ಸದ್ದಿನ ಮರೆಯಲ್ಲಿ ಅತ್ತಳು. ಹೊರಗೆ ಮಗಳು ಅಪ್ಪನಿಗೆ ಇನ್ನೊಂದು ಲೆಕ್ಕ ಹುಡುಕುತ್ತಿದ್ದಳು, ಅದಕ್ಕಿಂತಲೂ ಸುಲಭದ್ದು.